ಕುಟುಂಬದ ಪ್ಲಾನು

ಸೋಫಾದ ಮೇಲೆ ಕೂತ ಕೂಡಲೇ ಅವನಿಗೆ ತನಗಿಂತ ಮುಂಚೆ ಅಲ್ಲಿ ಕೂತು ಎದ್ದು ಹೋದವರ ಬಿಸಿ ತಾಕಿತು. ರೆಕ್ಸಿನ್ನಿಗೆ ಅಂಟಿಕೊಂಡಿದ್ದ ಆ ಬಿಸಿ ಪ್ಯಾಂಟಿನ ಬಟ್ಟೆ ದಾಟಿ ತೊಡೆಗೆ ಇಳಿಯುತ್ತಿದ್ದಂತೆ, ಗುರುತು ಪರಿಚಯವಿಲ್ಲದವರ ಮಡಿಲಲ್ಲಿ ಕೂತ ಹಾಗನ್ನಿಸಿ ಅಂಚಿಗೆ ಸರಿದ. ಅಂಚಿನಲ್ಲಿ ಯಾರೋ ಅಗಿದು ಅಂಟಿಸಿದ್ದ ಚ್ಯೂಯಿಂಗ್ ಗಮ್ಮು ಗಟ್ಟಿಯಾಗಿ ಕೂತಿತ್ತು. ಅದರ ಮೇಲೆ ಹಲ್ಲಿನ ಗುರುತು ಬೇರೆ. ಮುಂದಿನೆರಡು ಹಲ್ಲುಗಳ ಮಧ್ಯೆ ಸಂದಿ ಇರುವ ಮನುಷ್ಯ ಎಂದು ಅವನ ಮನಸ್ಸು ಯಾರೂ ಕೇಳದಿದ್ದರೂ ಹೇಳಿತು. ಅಂಗಡಿಯ ತುಂಬ ಏಸಿಯ ತಣ್ಣನೆ ವಾಸನೆ, ಅದರಡಿಯಲ್ಲಿ ಬೆವರು, ಬೆವರಿನಡಿಯಲ್ಲಿ ಯಾರೋ ಬಳಿದುಕೊಂಡು ಬಂದ ಅತ್ತರು. ಎದುರಿನ ಗೋಡೆಯ ಮೇಲೆ ಒಂದು ಕುಟುಂಬ ನಗುತ್ತಿತ್ತು. ಅಪ್ಪ, ಅಮ್ಮ, ಮಗ, ಮಗಳು, ಅಜ್ಜಿ, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಫೋನು, ಎಲ್ಲರ ಬಾಯಲ್ಲೂ ಒಂದೇ ಅಳತೆಯ ಹಲ್ಲು. ಅಷ್ಟು ವಯಸ್ಸಾದ ಬಾಯಿಗೆ ಅಷ್ಟು ಬಿಳಿ ಹಲ್ಲು ಕೂರಿಸಿದವನ ಕೈ ಮುರಿಯಬೇಕು, ಅಂದುಕೊಂಡ. ಅಜ್ಜಿಯ ಗಲ್ಲದ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಒಂದು ಕುಟುಂಬ, ಒಂದು ಪ್ಲಾನು, ಮಿತಿಯಿಲ್ಲದ ಮಾತು.

ಮಾತು ಅಂದರೆ ಅವನಿಗೆ ಬಾಯಿ. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುವುದು ಅವನ ಕೆಲಸ. ಜನರನ್ನು ಅವನು ನೋಡುತ್ತಿದ್ದದ್ದು ಕಡಿಮೆ. ಅವರ ಬಾಯಿಯ ಅಚ್ಚುಗಳು ಟ್ರೇಯಲ್ಲಿ ಬರುತ್ತಿದ್ದವು, ಕೆಲವೊಮ್ಮೆ ಎಂಜಲಿನ ಎಳೆ ಸಮೇತ. ಅದನ್ನು ತೊಳೆದು, ಪ್ಲಾಸ್ಟರು ಹುಯ್ದು, ಮೇಣದಲ್ಲಿ ಒಸಡು ತಿದ್ದಿ, ಹಲ್ಲು ಜೋಡಿಸಿ, ಕೊನೆಗೆ ತಿರುಗುವ ಚಕ್ರಕ್ಕೆ ಹಿಡಿದು ಮರಳಿನಂಥ ಪುಡಿಯಲ್ಲಿ ಉಜ್ಜಿ ಹೊಳಪು ಕೊಡಬೇಕು. ಮೊದಮೊದಲು ವಾಕರಿಕೆ ಬರುತ್ತಿತ್ತು. ಆಮೇಲೆ ಅದು ನಿಂತು, ಆ ವಾಕರಿಕೆ ಬಾಯಿಗಳಿಂದ ಜಾರಿ ಬಾಯಿಂದ ಹೊರಗೆ ಬರುವ ಮಾತಿಗೆಲ್ಲ ಹತ್ತಿಕೊಂಡಿತ್ತು. ನಿನ್ನೆ ಹೆಂಡತಿಯ ಫೋನು ಬಂದಾಗಲೂ ಕೈಯಲ್ಲಿ ಒಂದು ಕೆಳದವಡೆ ಇತ್ತು. "ಈ ನಂಬರು ನಿಮ್ಮ ಹೆಸರಲ್ಲೇ ಇದೆಯಂತೆ ರೀ. ನಾನು ಬೇರೆ ಕಂಪನಿಗೆ ಹೋಗ್ಬೇಕು ಅಂದ್ರೆ ನೀವೇ ಖುದ್ದು ಬಂದು ಬಿಟ್ಟುಕೊಡ್ಬೇಕಂತೆ." ಅವನು ಹ್ಞೂಂ ಅಂದ. ಬಿಟ್ಟುಕೊಡಬೇಕು ಎನ್ನುವ ಮಾತು ಆಮೇಲೆ ಇಡೀ ದಿನ ಹಲ್ಲಿಗೆ ಸಿಕ್ಕಿದ ನಾರಿನ ಹಾಗೆ ಕಾಡಿತು. ಅವಳು ಅಕ್ಕನ ಮನೆಗೆ ಹೊರಟಾಗ ಯಾರೂ ಯಾರಿಗೂ ಏನನ್ನೂ ಬಿಟ್ಟುಕೊಟ್ಟಿರಲಿಲ್ಲ. ಬಾಗಿಲಲ್ಲಿ ಸೂಟ್‌ಕೇಸು ಇಟ್ಟುಕೊಂಡು ಅವಳು, ಸ್ವಲ್ಪ ದಿನ ಇದ್ದು ಬರ್ತೀನಿ ಅಂದಿದ್ದಳು. ಆಗಲೂ ಇವನದು ಹ್ಞೂಂ. ಆ ಸ್ವಲ್ಪ ದಿನ ಬೇಸಿಗೆ ದಾಟಿ, ಮಳೆ ದಾಟಿ, ಈಗ ಚಳಿಯ ಬಾಗಿಲಿಗೆ ಬಂದಿತ್ತು. ಜಗಳವಿಲ್ಲ, ಪತ್ರವಿಲ್ಲ, ವಕೀಲರಿಲ್ಲ. ತಿಂಗಳಿಗೊಮ್ಮೆ ಕಂಪನಿಯಿಂದ ಮಾತ್ರ ಸಂದೇಶ ಬರುತ್ತಿತ್ತು: ನಿಮ್ಮ ಕುಟುಂಬದ ಪ್ಲಾನು ನವೀಕರಣಗೊಂಡಿದೆ, ಎಲ್ಲ ಸದಸ್ಯರೂ ಸಂತೋಷದಿಂದ ಮಾತಾಡಿ. ಅದನ್ನು ಅವನು ಅಳಿಸುತ್ತಿರಲಿಲ್ಲ. ಒಬ್ಬನೇ ಊಟ ಮಾಡುವಾಗ ತೆಗೆದು ಓದಿಕೊಳ್ಳುತ್ತಿದ್ದ. ಲೋಕದಲ್ಲಿ ಇನ್ನಾರ ಲೆಕ್ಕದಲ್ಲೂ ಇಲ್ಲದಿದ್ದರೂ ಆ ಕಂಪನಿಯ ಲೆಕ್ಕದಲ್ಲಿ ತಾವಿಬ್ಬರೂ ಇನ್ನೂ ಒಂದು ಕುಟುಂಬ ಎಂದು ಒಳಗೆಲ್ಲೋ ಬೆಚ್ಚಗಾಗುತ್ತಿತ್ತು. ಹಾಗೆ ಬೆಚ್ಚಗಾದದ್ದಕ್ಕೆ ಮರುಕ್ಷಣವೇ ತನ್ನ ಮೇಲೆ ಹೇಸಿಗೆ, ಎಂಜಲು ತಟ್ಟೆ ನೆಕ್ಕುತ್ತ ಬಾಲ ಅಲ್ಲಾಡಿಸುವ ನಾಯಿಯನ್ನು ಕಂಡ ಹಾಗೆ.

ಗಾಜಿನ ಬಾಗಿಲು ತೆರೆದು ಮೊದಲು ಒಳಗೆ ಬಂದದ್ದು ಷಡ್ಡಕ, ಅವಳ ಅಕ್ಕನ ಗಂಡ. ಅವಳು ಅವನ ಹಿಂದೆ. ಷಡ್ಡಕನಿಗೆ ನೆಂಟರ ಬಳಗದಲ್ಲಿ ಆಫರ್ ಭಾವ ಅಂತಲೇ ಹೆಸರು. ಎಲ್ಲಿ ಏನು ಅಗ್ಗ, ಯಾವುದರ ಜೊತೆ ಯಾವುದು ಬಿಟ್ಟಿ ಎಂಬುದೆಲ್ಲ ಅವನ ನಾಲಿಗೆಯ ತುದಿಯಲ್ಲಿ. ಹಲ್ಲಿನ ಸೆಟ್ಟನ್ನೂ ಅವನು ಬಿಟ್ಟಿಯಾಗೇ ಮಾಡಿಸಿಕೊಂಡಿದ್ದ, ಇವನ ಹತ್ತಿರವೇ. ಮೇಲಿನ ಸಾಲಿನ ಮುಂದಿನ ಹಲ್ಲುಗಳೆಲ್ಲ ಇವನು ಕೂರಿಸಿದವು. "ಓಹೋ, ಬಂದ್ಬಿಟ್ಟಿದ್ದೀರಾ ಆಗ್ಲೇ!" ಎಂದು ಷಡ್ಡಕ ಕೈ ಕುಲುಕಿದಾಗ ಇವನ ಕಣ್ಣು ಹೋದದ್ದು ಆ ಹಲ್ಲುಗಳ ಬುಡಕ್ಕೆ. ಅಲ್ಲಿ ಹಳದಿ ಕಟ್ಟಿತ್ತು. ರಾತ್ರಿ ತೆಗೆದು ನೀರಲ್ಲಿ ಹಾಕಿಡಿ ಎಂದು ಎಷ್ಟು ಸಲ ಹೇಳಿದ್ದ. ತಾನೇ ತಿದ್ದಿದ ಒಸಡು, ತಾನೇ ಹೊಳಪು ಕೊಟ್ಟ ಹಲ್ಲು, ಈಗ ತನ್ನ ಹೆಂಡತಿಯ ಫೋನಿನ ವಿಷಯ ಮಾತಾಡುತ್ತಿತ್ತು. "ನಮ್ಮ ಪ್ಲಾನಲ್ಲಿ ಒಂದು ಜಾಗ ಖಾಲಿ ಇದೆ ನೋಡಿ. ನಾನು, ಇವಳಕ್ಕ, ಮಕ್ಕಳು. ಸುಮ್ನೆ ವೇಸ್ಟ್ ಆಗ್ತಾ ಇತ್ತು. ನಾದಿನಿ ಬಂದ್ರೆ ಫುಲ್ ಆಗತ್ತೆ. ನಮ್ಮ ಕಂಪನಿ ಸಿಗ್ನಲ್ಲು ಅಂದ್ರೆ ಲಿಫ್ಟೊಳಗೂ ಸಿಗತ್ತೆ, ಬಾತ್ರೂಮಲ್ಲೂ ಸಿಗತ್ತೆ." ಅವಳು ಇವನನ್ನು ನೋಡಿ, "ಊಟ ಆಯ್ತಾ?" ಅಂದಳು. "ಆಯ್ತು," ಅಂದ. ಆಗಿರಲಿಲ್ಲ. ಅವಳ ಕೂದಲು ಗಿಡ್ಡವಾಗಿತ್ತು. ಕತ್ತಿನ ಹಿಂದೆ ತಾನು ಯಾವತ್ತೂ ಗಮನಿಸದ ಒಂದು ಮಚ್ಚೆ ಕಂಡಿತು. ಇಷ್ಟು ವರ್ಷ ಅದು ಅಲ್ಲೇ ಇತ್ತೆ? ಅಥವಾ ಅಕ್ಕನ ಮನೆಗೆ ಹೋದ ಮೇಲೆ ಹುಟ್ಟಿದ್ದೆ? ಕೇಳುವುದು ಹೇಗೆ ಎಂದು ಗೊತ್ತಾಗದೆ, ಅದನ್ನೇ ನೋಡುತ್ತ, ಯಾರದೋ ಹೆಂಡತಿಯ ಕತ್ತು ಕದ್ದು ನೋಡಿದವನ ಹಾಗೆ ಕಣ್ಣು ತೆಗೆದ.

ಕೌಂಟರಿನ ಹುಡುಗಿ ಟೋಕನ್ನು ಕರೆದಳು. ಮೂವರೂ ಸಾಲಾಗಿ ಕೂತರು. ಮಧ್ಯದ ಕುರ್ಚಿ ಯಾರದು ಎಂದು ಒಂದು ಕ್ಷಣ ತಡವರಿಸಿ, ಕೊನೆಗೆ ಷಡ್ಡಕನೇ ಅಲ್ಲಿ ಕೂತ. ಹುಡುಗಿಯ ನಗು ಮುಖಕ್ಕೆ ಮೊಳೆ ಹೊಡೆದು ನಿಲ್ಲಿಸಿದ ಹಾಗಿತ್ತು. ಕೆಳಗಿನ ಹಲ್ಲು ಒಂದರ ಮೇಲೊಂದು ಹತ್ತಿದ್ದರಿಂದ ಅವಳು ಮೇಲಿನ ತುಟಿಯನ್ನಷ್ಟೇ ಎತ್ತಿ ನಗುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. "ಸರ್, ಮುಖ್ಯ ಚಂದಾದಾರರು ತಾವೇ ಅಲ್ವಾ? ಈ ಮೇಡಮ್ಮು ತಮಗೆ ಏನಾಗ್ಬೇಕು?" ಕೇಳಿದ್ದು ಅಷ್ಟೇ. ಕಂಪ್ಯೂಟರಿನಲ್ಲಿ ತುಂಬಬೇಕಾದ ಒಂದು ಖಾಲಿ ಜಾಗ. ಹೆಂಡತಿ ಎನ್ನುವುದು ಈ ಮೇಜಿನ ಮುಂದೆ ಸುಳ್ಳಿನ ಹಾಗೆ ಕೇಳುತ್ತದೆ ಅನ್ನಿಸಿತು, ಅಲ್ಲ ಎನ್ನುವುದು ಇನ್ನೂ ದೊಡ್ಡ ಸುಳ್ಳು. ಷಡ್ಡಕ ಮುಂದೆ ಬಾಗಿ, "ಮನೆಯವರೇಮ್ಮಾ, ಇಬ್ರೂ ಗಂಡ ಹೆಂಡ್ತಿ," ಎಂದು ದೊಡ್ಡ ದನಿಯಲ್ಲಿ ಹೇಳಿದ. ಹಿಂದೆ ಸೋಫಾದ ಮೇಲೆ ಕೂತವರು ತಲೆ ಎತ್ತಿದರು. ಅವಳು ತನ್ನ ಬ್ಯಾಗಿನ ಜಿಪ್ಪನ್ನು ಎಳೆದು, ಮುಚ್ಚಿ, ಮತ್ತೆ ಎಳೆದಳು.

"ಹಂಗಾದ್ರೆ ಯಾಕೆ ಸರ್ ಬಿಡಿಸ್ತಾ ಇದ್ದೀರಾ? ಒಟ್ಟಿಗೇ ಇದ್ರೆ ನಿಮಗೇ ಲಾಭ." ಹುಡುಗಿ ಮಾನಿಟರನ್ನು ಅವರ ಕಡೆ ತಿರುಗಿಸಿದಳು. ಒಟ್ಟಿಗೇ ಇದ್ದರೆ ಸಿಗುವ ಸವಲತ್ತುಗಳು ಒಂದೊಂದಾಗಿ ಬೆಳಗಿದವು: ಇಬ್ಬರಿಗೂ ಸಿನಿಮಾ, ಇಬ್ಬರಿಗೂ ಹಾಡು, ಪರಸ್ಪರ ಮಾತಿಗೆ ಎಂದೆಂದಿಗೂ ಶುಲ್ಕವಿಲ್ಲ. "ಇಬ್ಬರ ಮಧ್ಯೆ ಎಷ್ಟೊತ್ತು ಮಾತಾಡಿದ್ರೂ ಫ್ರೀ ಸರ್. ಬೇರೆ ಕಂಪನಿಗೆ ಹೋದ್ರೆ ಈ ಸುಖ ಇರಲ್ಲ." ಷಡ್ಡಕ ತಕ್ಷಣ ಜಗಳಕ್ಕೆ ನಿಂತ. ತಮ್ಮ ಕಂಪನಿಯಲ್ಲೂ ಅದಿದೆ, ಇದಿದೆ, ನಿಮ್ಮದರಲ್ಲಿ ಡೇಟಾ ಮಧ್ಯಾಹ್ನಕ್ಕೇ ಖಾಲಿ, ನಮ್ಮದು ಮಿಕ್ಕಿದರೆ ನಾಳೆಗೆ ಬರುತ್ತೆ. ಇಬ್ಬರೂ ಅವನ ಹೆಂಡತಿಯನ್ನು ಎರಡು ಕಡೆಯಿಂದ ಹಿಡಿದು ಎಳೆಯುತ್ತಿದ್ದರು, ಸಂತೆಯಲ್ಲಿ ದನದ ಹಲ್ಲು ಎಣಿಸುವವರ ಹಾಗೆ. ಅವನೋ ಇದರಲ್ಲಿ ತನಗೇನೂ ಸಂಬಂಧವಿಲ್ಲವೆಂಬಂತೆ ಕೂತಿದ್ದ. ಸಿಟ್ಟು ಬರಬೇಕಿತ್ತು. ಬದಲಿಗೆ, ಹುಡುಗಿ ಗೆಲ್ಲಲಿ, ಇನ್ನೊಂದು ಆಫರು ಹೇಳಲಿ, ಹೆಂಡತಿಯ ಮನಸ್ಸು ತಿರುಗುವಂಥ ಏನಾದರೂ ಆ ಪರದೆಯ ಮೇಲೆ ಬರಲಿ ಎಂದು ತಾನು ಕಾಯುತ್ತಿರುವುದು ಗೊತ್ತಾಯಿತು. ಇಷ್ಟು ತಿಂಗಳು ತಾನು ಹೇಳಲಾರದ್ದನ್ನು ಈ ಸೊಟ್ಟ ಹಲ್ಲಿನ ಹುಡುಗಿ ಸಂಬಳಕ್ಕೆ ಹೇಳುತ್ತಿದ್ದಳು: ಒಟ್ಟಿಗೇ ಇರಿ.

"ಆಯ್ತು ಸರ್, ಕಾರಣ ಏನಂತ ಹಾಕ್ಲಿ?" ಹುಡುಗಿ ಸೋತು ಕೇಳಿದಳು. "ದರ ಜಾಸ್ತಿ, ಸೇವೆ ತೃಪ್ತಿಕರವಾಗಿಲ್ಲ, ನೆಟ್‌ವರ್ಕ್ ಸಿಗಲ್ಲ, ಇಷ್ಟರಲ್ಲೇ ಒಂದು ಹೇಳ್ಬೇಕು."

"ಸೇವೆ ತೃಪ್ತಿಕರವಾಗಿಲ್ಲ ಅಂತ ಹಾಕ್ಕೊಳಮ್ಮ," ಎಂದು ಷಡ್ಡಕ ಗಹಗಹಿಸಿ ನಕ್ಕು, ಇವನ ತೊಡೆ ತಟ್ಟಿದ. "ತಮಾಷೆಗೆ ಅಂದೆ ಇವ್ರೇ, ಬೇಜಾರ್ ಮಾಡ್ಕೋಬೇಡಿ."

"ನೆಟ್‌ವರ್ಕ್ ಸಿಗಲ್ಲ ಅಂತ ಹಾಕಿ," ಅಂದಳು ಅವಳು.

"ಎಲ್ಲಿ ಸಿಗಲ್ಲ ಮೇಡಮ್? ಆಫೀಸಲ್ಲಾ, ದಾರೀಲಾ?"

"ಮನೇಲಿ."

ಹುಡುಗಿ ಟೈಪು ಮಾಡಿದಳು. ಅವನು ಷಡ್ಡಕನ ಕೈ ಬಿದ್ದ ಜಾಗವನ್ನು ಉಜ್ಜಿಕೊಂಡ. ಆಮೇಲೆ ಬೆರಳಚ್ಚಿನ ಯಂತ್ರ ಬಂತು. ಬೆಂಕಿಪೊಟ್ಟಣದಷ್ಟು ಗಾತ್ರ, ನಡುವೆ ಕೆಂಪಗೆ ಉರಿಯುವ ಗಾಜು, ಗಾಜಿನ ಮೇಲೆ ಹಿಂದಿನವರ ಹೆಬ್ಬೆರಳಿನ ಜಿಡ್ಡು. ಊರಿನವರೆಲ್ಲ ಒತ್ತಿ ಹೋದದ್ದು. ಅವನು ಹೆಬ್ಬೆರಳಿಟ್ಟ. ಯಂತ್ರ ಕೀರಲು ದನಿಯಲ್ಲಿ ಬೇಡ ಅಂದಿತು. ಒರೆಸಿಕೊಂಡು ಇಟ್ಟ. ಬೇಡ. ಎಡಗೈಯದು ಇಡಿ ಸರ್ ಅಂದಳು. ಅದೂ ಬೇಡ. ಹುಡುಗಿ ಅವನ ಬೆರಳನ್ನು ಬೆಳಕಿಗೆ ಹಿಡಿದು ನೋಡಿ, "ಗೆರೆಗಳೇ ಇಲ್ವಲ್ಲ ಸರ್!" ಎಂದಳು, ಕಂಬಳಿಹುಳ ಕಂಡ ಹಾಗೆ. ಹಲ್ಲು ಉಜ್ಜಿ ಉಜ್ಜಿ ಗೆರೆಗಳೆಲ್ಲ ಸವೆದಿದ್ದವು. ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಇಲ್ಲಿ ಹೀಗೆ ಬೆಳಕಿಗೆ ಹಿಡಿದು ಸಾರಬೇಕಾಗಿರಲಿಲ್ಲ. ಸೋಫಾದಿಂದ ಒಬ್ಬ ಮುದುಕ ಎದ್ದು ಬಂದು ಇಣುಕಿದ. "ಉಗುಳು ಹಚ್ಚಿ ಒತ್ತಿ, ಬರತ್ತೆ," ಅಂದ. "ಒತ್ತಿ ಇವ್ರೇ, ಜೋರಾಗಿ ಒತ್ತಿ," ಎಂದು ಷಡ್ಡಕ ಇವನ ಮಣಿಕಟ್ಟನ್ನೇ ಹಿಡಿದು ಅದುಮಿದ. ಯಾರೋ ತನ್ನ ಕೈ ಹಿಡಿದು ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿರುವ ಹಾಗೆ ಅನ್ನಿಸಿ ಕೈ ಕೊಸರಿಕೊಂಡ. ಕೊಸರಿಕೊಂಡದ್ದನ್ನು ಹೆಂಡತಿ ನೋಡಿದಳು. ಅವಳ ಹುಬ್ಬು ಗಂಟಿಕ್ಕಿದ ಬಗೆಯಲ್ಲೇ ಅವಳೇನು ಯೋಚಿಸುತ್ತಿದ್ದಾಳೆಂದು ತಿಳಿಯಿತು: ಬೇಕು ಬೇಕೆಂದೇ ಮಾಡುತ್ತಿದ್ದಾನೆ. ಅಲ್ಲ ಎಂದು ಹೇಳಲು ಹೊರಟವನಿಗೆ ಅದು ಅಲ್ಲವೋ ಹೌದೋ ಅನುಮಾನ ಬಂತು. ಮುಂದಿನ ಸಲ ಬೆರಳಿಡುವಾಗ ತನ್ನನ್ನು ತಾನೇ ಗಮನಿಸಿದ. ಬೆರಳು ಗಾಜನ್ನು ಮುಟ್ಟಿದಂತಿತ್ತು, ಒತ್ತುತ್ತಿರಲಿಲ್ಲ. ಕೂದಲೆಳೆಯಷ್ಟು ಮೇಲೇ ಉಳಿದುಕೊಂಡಿತ್ತು. ಒತ್ತು ಎಂದು ಹೇಳಿದರೆ ಕೇಳದೆ, ಅವನದಲ್ಲದ ಪ್ರಾಣಿಯ ಹಾಗೆ ಅಲ್ಲಿ ಹೆದರಿ ಕೂತಿತ್ತು. ಎಂಥ ಹೇಡಿ ಬೆರಳು. ಬಾಯಿಬಿಟ್ಟು ಬೇಡ ಎನ್ನುವ ಗಂಡಸ್ತನವಿಲ್ಲದೆ ಯಂತ್ರದ ಬಾಯಲ್ಲಿ ಬೇಡ ಅನ್ನಿಸುತ್ತಿದೆ.

ಆಗ ಅವಳು ಎದ್ದು ಷಡ್ಡಕನ ಕುರ್ಚಿಯ ಹಿಂದಿನಿಂದ ಸುತ್ತಿ ಇವನ ಪಕ್ಕಕ್ಕೆ ಬಂದು ನಿಂತಳು. ಬ್ಯಾಗಿನಿಂದ ತುಟಿಗೆ ಹಚ್ಚಿಕೊಳ್ಳುವ ಕ್ರೀಮಿನ ಪುಟ್ಟ ಡಬ್ಬಿ ತೆಗೆದು, "ಕೊಡಿ ಇಲ್ಲಿ," ಎಂದು ಅವನ ಬಲಗೈ ತೆಗೆದುಕೊಂಡು, ಹೆಬ್ಬೆರಳಿನ ತುದಿಗೆ ಕ್ರೀಮು ಹಚ್ಚಿ ತಿಕ್ಕತೊಡಗಿದಳು. ಉಗುರಿನ ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ. ಅಂಗಡಿಯ ಗದ್ದಲ ಎಲ್ಲೋ ಹಿಂದೆ ಉಳಿಯಿತು. ಅವಳ ತಲೆ ಬಾಗಿತ್ತು, ಉಸಿರು ಅವನ ಮುಂಗೈಗೆ ತಾಕುತ್ತಿತ್ತು. ಮದುವೆಯಾದ ಹೊಸದರಲ್ಲಿ ಅವನ ಬೆರಳು ಒಡೆದು ರಕ್ತ ಬರುತ್ತಿದ್ದಾಗ ಅವಳು ಹೀಗೇ ಹಚ್ಚುತ್ತಿದ್ದಳು. ಅವನು ಕೈ ಎಳೆದುಕೊಂಡು, ನಾನೇ ಹಚ್ಕೋತೀನಿ ಬಿಡು ಅನ್ನುತ್ತಿದ್ದ. ಯಾಕೆ ಹಾಗನ್ನುತ್ತಿದ್ದೆ? ದಿನವೆಲ್ಲ ಇನ್ನೊಬ್ಬರ ಬಾಯಲ್ಲಿ ಇರುವ ಕೈ, ಮನೆಗೆ ಬಂದ ಮೇಲೆ ಯಾರೂ ಮುಟ್ಟಬಾರದು ಅನ್ನಿಸುತ್ತಿತ್ತು. ಹಾಗಂತ ಹೇಳಿದ್ದರೆ ಅವಳಿಗೆ ಅರ್ಥವಾಗುತ್ತಿತ್ತೇನೋ. ಹೇಳಿರಲಿಲ್ಲ. ಅವಳು ಒಮ್ಮೆಯೂ ಮುಖ ಎತ್ತದೆ ಅವನ ಹೆಬ್ಬೆರಳನ್ನು ತನ್ನೆರಡು ಬೆರಳಲ್ಲಿ ಹಿಡಿದು, ಗಾಜಿನ ಮೇಲಿಟ್ಟು, ಮೆತ್ತಗೆ, ಆದರೆ ಬಿಡದೆ ಒತ್ತಿದಳು. ಯಂತ್ರ ಹಸಿರಾಯಿತು. "ಬಂತು ಬಂತು!" ಎಂದು ಮುದುಕ ಕೂಗಿದ. ಷಡ್ಡಕ ಚಪ್ಪಾಳೆ ತಟ್ಟಿದ. ಅವಳು ಕೈ ಬಿಟ್ಟು, ಕರವಸ್ತ್ರ ತೆಗೆದು, ತನ್ನ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡಳು. ಜಿಡ್ಡು ಒರೆಸಿಕೊಂಡಳು, ಅಷ್ಟೇ. ಅವನಿಗೆ ಮಾತ್ರ ಆ ಒರೆಸುವುದು ಮುಗಿಯುವುದೇ ಇಲ್ಲ ಅನ್ನಿಸಿತು.

"ಸರ್, ಈಗ ತಮ್ಮದು ಒಬ್ರದೇ ಆಯ್ತು. ಕುಟುಂಬದ ಪ್ಲಾನು ಇನ್ನು ನಡೆಯಲ್ಲ, ಬೇರೆ ಆರಿಸ್ಕೋಬೇಕು," ಎಂದಳು ಹುಡುಗಿ. ಪರದೆಯ ಮೇಲೆ ಒಂಟಿಯವರ ಪ್ಲಾನುಗಳು ಬಂದವು. ಎಲ್ಲದಕ್ಕೂ ಹುರುಪಿನ ಹೆಸರುಗಳು: ಸ್ವತಂತ್ರ, ಹಕ್ಕಿ, ಜಾಲಿ. "ತಾವು ದಿನಕ್ಕೆ ಅಂದಾಜು ಎಷ್ಟು ಮಾತಾಡ್ತೀರಾ ಸರ್?" ಅವನು ಲೆಕ್ಕ ಹಾಕುವವನಂತೆ ಮೇಲೆ ನೋಡಿದ. ದಂತವೈದ್ಯರು ಕಿಟಕಿಯಿಂದ ಕೂಗುತ್ತಿದ್ದರು, ಫೋನು ಬೇಕಿರಲಿಲ್ಲ. ಇನ್ನು ಯಾರು? ಹೆಂಡತಿಯೇ ಹೇಳಿದಳು. "ಅವರಿಗೆ ಎಲ್ಲಕ್ಕಿಂತ ಚಿಕ್ಕದು ಸಾಕು. ಅವರು ಮಾತಾಡಲ್ಲ." ದನಿಯಲ್ಲಿ ಕೊಂಕಿರಲಿಲ್ಲ. ಅಂಗಡಿಯಲ್ಲಿ ಅವನ ಶರ್ಟಿನ ಅಳತೆ ಹೇಳುತ್ತಿದ್ದಳಲ್ಲ, ಅದೇ ದನಿ. ಅವನ ದುಡ್ಡು ಉಳಿಯಲಿ ಎಂಬ ಕಾಳಜಿ. "ಮೌನ ಬಂಗಾರ ಅಂತಾರೆ," ಷಡ್ಡಕ ಸೇರಿಸಿದ, "ಆದ್ರೆ ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾನೂ ಅಂತಾರೆ." ತನ್ನ ಮಾತಿಗೆ ತಾನೇ ನಕ್ಕ, ಇವನು ಮಾಡಿಕೊಟ್ಟ ಹಲ್ಲೆಲ್ಲ ತೋರಿಸಿ. ಇವನ ಕಿವಿ ಬಿಸಿಯಾಯಿತು. "ದೊಡ್ಡದು ಕೊಡಿ," ಅಂದ.

"ಯಾವ್ದು ಸರ್?"

"ಎಲ್ಲಕ್ಕಿಂತ ದೊಡ್ಡದು. ಹೊರದೇಶಕ್ಕೂ ಮಾತಾಡೋದು ಇದೆಯಲ್ಲ, ಅದು."

"ಯಾಕ್ರೀ ಸುಮ್ನೆ?" ಅಂದಳು ಅವಳು. "ನಂಗೆ ಬೇಕು," ಅಂದ, ಆಟಿಕೆಗೆ ಹಟ ಹಿಡಿದ ಮಗುವಿನ ದನಿಯಲ್ಲಿ. ಹುಡುಗಿ ಮೊಳೆ ಹೊಡೆದ ನಗುವನ್ನು ಇನ್ನೊಂದಿಷ್ಟು ಎಳೆದು ಬೇಗಬೇಗ ಟೈಪು ಮಾಡಿದಳು. ಹೆಂಡತಿ ಕಿಟಕಿಯ ಕಡೆ ತಿರುಗಿದಳು. ಲೋಕದ ಎಲ್ಲ ದೇಶಗಳಿಗೂ ಮಾತಾಡುವ ಹಕ್ಕನ್ನು ಕೊಂಡುಕೊಂಡವನು ಅದನ್ನು ಹೇಗೆ ವಾಪಸು ಮಾಡುವುದೆಂದು ತಿಳಿಯದೆ, ಜಿಡ್ಡಿನ ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಲೂ ಆಗದೆ, ಗಾಳಿಯಲ್ಲಿ ಎತ್ತಿ ಹಿಡಿದುಕೊಂಡು ಕೂತ.

ಅವಳ ಹೊಸ ಸಿಮ್ಮಿಗೆ ಜೀವ ಬರಲು ಸ್ವಲ್ಪ ಹೊತ್ತು ಬೇಕಿತ್ತು. ಆ ಅಂಗಡಿಯಲ್ಲಿ ಎಲ್ಲ ಕಂಪನಿಗಳ ಕೆಲಸವೂ ಆಗುತ್ತಿದ್ದುದರಿಂದ ಅಲ್ಲೇ ಕಾಯಿರಿ ಅಂದರು. ಷಡ್ಡಕ ಫೋನಿನ ಕವರುಗಳ ಮುಂದೆ ನಿಂತು ಬಿಟ್ಟಿ ಸಿಗುವ ಕವರು ಯಾವುದೆಂದು ವಾದಿಸತೊಡಗಿದ. ಅವಳು ಒಳಗಿನ ಹವೆಗೆ ತಲೆನೋಯುತ್ತದೆ ಎಂದು ಹೊರಗೆ ಫುಟ್‌ಪಾತಿಗೆ ಹೋಗಿ ನಿಂತಳು. ಗಾಜಿನ ಆಚೆ ಅವಳ ಬೆನ್ನು, ಆ ಮಚ್ಚೆ, ಅವಳ ಮುಂದೆ ಹಾದುಹೋಗುವ ಬಸ್ಸುಗಳು. ಹೊರಗೆ ಹೋಗಿ ಪಕ್ಕದಲ್ಲಿ ನಿಲ್ಲಬೇಕು ಎಂದುಕೊಂಡ. ಹೇಳುವುದಕ್ಕೆ ಒಂದು ವಾಕ್ಯ ಹುಡುಕಿದ. ಅದು ಸಿಗುವಷ್ಟರಲ್ಲಿ ಅವಳು ಫೋನನ್ನು ಮೇಲೆತ್ತಿ ನೋಡಿ, ಸಿಗ್ನಲ್ಲು ಬಂದಿರಬೇಕು, ಏನೋ ಒತ್ತಿದಳು. ಅವನ ಜೇಬಿನಲ್ಲಿ ಫೋನು ಅದುರಿತು.

ಎತ್ತಿ ಕಿವಿಗಿಟ್ಟ. "ಹಲೋ, ಟೆಸ್ಟಿಗೆ ಮಾಡ್ದೆ. ಕೇಳಿಸ್ತಾ?" ಹತ್ತಿರದಲ್ಲಿ, ಕಿವಿಯೊಳಗೇ, ಅವಳ ದನಿ, ಇಷ್ಟು ಹತ್ತಿರ ಎಷ್ಟು ಕಾಲವಾಗಿತ್ತು. ಹ್ಞೂಂ ಎನ್ನಲು ಬಾಯಿ ತೆರೆದವನು ಅನ್ನಲಿಲ್ಲ. ಅಂದರೆ ಮುಗಿಯಿತಲ್ಲ, ಸರಿ ಇಡ್ತೀನಿ ಅನ್ನುತ್ತಾಳೆ. "ಹಲೋ? ರೀ? ಕೇಳಿಸ್ತಿದೆಯಾ?" ಸುಮ್ಮನಿದ್ದ. ಕವರುಗಳ ಕಡೆಯಿಂದ ಷಡ್ಡಕ ಕೂಗಿದ, "ಕ್ಲಿಯರ್ ಇದೆಯಾ ಇವ್ರೇ?" ಅವನು ಫೋನನ್ನು ಕಿವಿಯಿಂದ ತೆಗೆಯದೆ, ಇಲ್ಲ ಎಂದು ತಲೆಯಾಡಿಸಿದ. ಹೊರಗೆ ಅವಳು ಇನ್ನೊಂದು ಕಿವಿಗೆ ಬೆರಳಿಟ್ಟುಕೊಂಡು, ನಾಲ್ಕು ಹೆಜ್ಜೆ ಆಚೆ, ನಾಲ್ಕು ಹೆಜ್ಜೆ ಈಚೆ ನಡೆಯುತ್ತ, "ಹಲೋ, ಹಲೋ, ನಾನು ಕಣ್ರೀ, ಹಲೋ" ಎಂದು ದನಿ ಏರಿಸಿದಳು. ದಾರಿಹೋಕರು ತಿರುಗಿ ನೋಡಿದರು. ನಾನು ಕಣ್ರೀ. ನಡುರಸ್ತೆಯಲ್ಲಿ ನಿಂತು ಅವಳು ತನ್ನನ್ನು ಕರೆಯುತ್ತಿದ್ದಾಳೆ, ಜನರೆದುರು, ಮತ್ತೆ ಮತ್ತೆ. ಅವನ ಮೈಯೊಳಗೆ ಏನೋ ಸಿಹಿಯಾದದ್ದು, ಕೊಳೆತ ಹಣ್ಣಿನ ಸಿಹಿಯಂಥದ್ದು, ಹರಡಿತು. ಇನ್ನೊಂದು ಸಲ ಕರೆಯಲಿ ಅಂದುಕೊಂಡ. ಇನ್ನೊಂದೇ ಸಲ. ಅವಳು ಇನ್ನೊಂದು ಸಲ ಕರೆದಳು. ಕರೆಯುತ್ತ ಗಾಜಿನ ಕಡೆ ತಿರುಗಿದಳು.

ಫೋನು ಕಿವಿಗೊತ್ತಿಕೊಂಡು, ತುಟಿ ಮುಚ್ಚಿ, ತನ್ನನ್ನೇ ನೋಡುತ್ತ ನಿಂತಿದ್ದ ಅವನು ಅವಳಿಗೆ ಕಂಡ. ಅವಳು ನಡೆಯುವುದನ್ನು ನಿಲ್ಲಿಸಿದಳು. ಇನ್ನೊಂದು ಕಿವಿಯ ಬೆರಳು ಕೆಳಗಿಳಿಯಿತು. ಮುಖದಲ್ಲಿ ಸಿಟ್ಟು ಬರುತ್ತದೆ ಎಂದುಕೊಂಡ, ಬರಲಿಲ್ಲ. ತಪ್ಪು ಬಾಗಿಲು ತೆರೆದು ಕಾಣಬಾರದ್ದನ್ನು ಕಂಡವರ ಮುಖವಾಗಿತ್ತು ಅದು. ಗಾಜಿನಾಚೆ ಅವಳ ತುಟಿ ಅಲ್ಲಾಡಿತು, ಕಿವಿಯಲ್ಲಿ ದನಿ ಕೇಳಿತು. ಈಗ ಅದು ಮೆಲ್ಲಗಿತ್ತು.

"ಕೇಳಿಸ್ತಿದೆ ನಿಮಗೆ. ಯಾವಾಗ್ಲೂ ಕೇಳಿಸ್ತಿತ್ತು."

ಕರೆ ಕಡಿದುಹೋಯಿತು. ಅವಳು ಫೋನನ್ನು ಬ್ಯಾಗಿಗೆ ಹಾಕಿ, ಜಿಪ್ಪೆಳೆದು, ಭಾವನಿಗೂ ಕಾಯದೆ ಬಸ್ ಸ್ಟಾಪಿನ ಕಡೆ ನಡೆಯತೊಡಗಿದಳು. ಷಡ್ಡಕ ಕೈಯಲ್ಲಿ ಎರಡು ಕವರು ಹಿಡಿದು ಓಡಿ ಬಂದ. "ಏನಮ್ಮಾ, ಸಿಗ್ನಲ್ಲೇ ಇಲ್ಲ ಅಂತಿದ್ದಾರೆ! ಏನು ಕೊಟ್ಟಿದ್ದೀರಾ ನೀವು?" ಎಂದು ಕೌಂಟರಿನ ಹುಡುಗಿಯ ಮೇಲೆ ಹಾರಿಬಿದ್ದ. ಅವಳ ನಗು ಕೊನೆಗೂ ಕಳಚಿ, ಹತ್ತಿಕೊಂಡ ಕೆಳಹಲ್ಲುಗಳು ಕಾಣಿಸಿದವು. ಇಲ್ಲ ಸರ್, ಟವರ್ ಇಲ್ಲೇ ಇದೆ ಸರ್ ಎಂದು ಅವಳು ತೊದಲಿದಳು. ಸೋಫಾದವರೆಲ್ಲ ನೋಡುತ್ತಿದ್ದರು. ಅವನು ಇನ್ನೂ ಫೋನನ್ನು ಕಿವಿಗೇ ಹಿಡಿದಿದ್ದ, ಅದರಲ್ಲಿ ಏನೂ ಇರಲಿಲ್ಲ.

"ಅವರ ತಪ್ಪಲ್ಲ," ಅಂದ. ದನಿ ಒಣಗಿತ್ತು, ಮತ್ತೆ ಹೇಳಬೇಕಾಯಿತು. "ಅವರ ತಪ್ಪೇನಿಲ್ಲ. ನಂಗೆ ಚೆನ್ನಾಗೇ ಕೇಳಿಸ್ತು."

"ಮತ್ತೆ ಇಲ್ಲ ಅಂದ್ರಲ್ಲ?" ಷಡ್ಡಕ ಬಾಯಿ ಬಿಟ್ಟುಕೊಂಡು ನಿಂತ.

ಅವನು ಗಾಜಿನ ಬಾಗಿಲು ತಳ್ಳಿ ಹೊರಗೆ ಬಂದ. ಬಸ್ ಸ್ಟಾಪಿನಲ್ಲಿ ಜನರ ನಡುವೆ ಅವಳು ನಿಂತಿದ್ದಳು, ಕೂಗಿದರೆ ಕೇಳುವಷ್ಟು ದೂರದಲ್ಲಿ. ಅವನು ಬಾಯಿ ತೆರೆದ. ಆಗಲೇ ಬಸ್ಸು ಬಂದು ನಿಂತಿತು, ಜನ ನುಗ್ಗಿದರು. ಬಸ್ಸು ಹೋದ ಮೇಲೆ ಸ್ಟಾಪು ಖಾಲಿಯಾಗಿತ್ತು. ತೆರೆದ ಬಾಯೊಳಗೆ ಬಸ್ಸಿನ ಹೊಗೆ ತುಂಬಿ, ಅವನು ಅಲ್ಲೇ ಗೋಡೆ ಹಿಡಿದುಕೊಂಡು ಬಹಳ ಹೊತ್ತು ಕೆಮ್ಮಿದ.